ಮನೆಕೆಲಸಕ್ಕೆ ಆ್ಯಪ್, ಏಜೆನ್ಸಿ, ಕೆಲಸದ ಅಕ್ಕ: ಯಾವುದಕ್ಕೆ ಕೊಟ್ಟ ದುಡ್ಡು ವಸೂಲಾಯಿತು?

ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವ ಮನೆ ನಮ್ಮದು. ಶಾಲೆಗೆ ಹೋಗುವ ಮಗಳು, ಜೊತೆಗೆ ಅತ್ತೆ. ಜೆ.ಪಿ. ನಗರದ ಕಡೆ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಕೆಲಸದವರಿಗೆ ಕೊಡುವ ದುಡ್ಡು ದಂಡವಾ ಅನ್ನುವ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ, ಅದೂ ಸ್ಕೂಲ್ ಫೀಸ್ ಕಟ್ಟುವ ತಿಂಗಳಲ್ಲಿ ಜಾಸ್ತಿ. ಗಂಟೆ ಲೆಕ್ಕದ ಆ್ಯಪ್, ಮನೆಯಲ್ಲೇ ಉಳಿಯುವವರನ್ನು ಕಳಿಸುವ ಏಜೆನ್ಸಿ, ದಿನಾ ಬಂದು ಹೋಗುವ ಅಕ್ಕ, ಈ ಮೂರನ್ನೂ ಬಳಸಿ ನೋಡಿದ್ದೇನೆ. ಹಾಗಾಗಿ ಯಾವುದು ಹೇಗೆ ಅಂತ ಬರೆಯುತ್ತಿದ್ದೇನೆ. ದರ ಎಲ್ಲ ನಮ್ಮ ಏರಿಯಾದ್ದು, ನಿಮ್ಮ ಕಡೆ ಹೆಚ್ಚು ಕಮ್ಮಿ ಇರುತ್ತದೆ.

ಮೊದಲು ಆ್ಯಪ್. 2025ರ ಮಾರ್ಚ್‌ನಲ್ಲಿ ಅರ್ಬನ್ ಕಂಪನಿ ಮುಂಬೈಯಲ್ಲಿ ಗಂಟೆಗೆ 49 ರೂಪಾಯಿಯ ಆಫರ್ ಹಾಕಿ 'ಇನ್‌ಸ್ಟಾ ಮೇಡ್ಸ್' ಅಂತ ಶುರು ಮಾಡಿತ್ತು. ಆ ಹೆಸರಿಗೆ ಜನ ಸರಿಯಾಗಿ ಉಗಿದ ಮೇಲೆ 'ಇನ್‌ಸ್ಟಾ ಹೆಲ್ಪ್' ಅಂತ ಬದಲಾಯಿಸಿದರು. ಈಗ ಬೆಂಗಳೂರಿನಲ್ಲೂ ಇಂಥ ಆ್ಯಪ್‌ಗಳು ಹಲವು ಇವೆ. ನಾನು ಬಳಸಿದ್ದು ಬೇರೆಯದು, ಹೆಸರು ಬೇಡ. ಬೇಗ ಬರುತ್ತಾರೆ ಅನ್ನುವುದು ನಿಜ. ಬುಕ್ ಮಾಡಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಬೆಲ್ ಆಗುತ್ತದೆ. ಶುರುವಿನ ಆಫರ್ ಮುಗಿದ ಮೇಲೆ ನನಗೆ ಗಂಟೆಗೆ ಸುಮಾರು 200 ರೂಪಾಯಿ ಬಿದ್ದಿದೆ.

ತೊಂದರೆ ಇರುವುದು ಆ ಗಂಟೆಯಲ್ಲೇ. ಒಂದು ಸಲ ಬಂದ ಹುಡುಗಿ ಯಾದಗಿರಿ ಕಡೆಯವಳು, ತುಂಬಾ ಚುರುಕು. ಬಾಗಿಲಲ್ಲೇ ಓಟಿಪಿ ಕೇಳಿದಳು, ಹೇಳಿದ ಕ್ಷಣದಿಂದ ಫೋನಿನಲ್ಲಿ ಟೈಮ್ ಓಡಲು ಶುರು. ಸಿಂಕ್‌ನಲ್ಲಿ ಹಿಂದಿನ ರಾತ್ರಿಯ ಮುದ್ದೆ ಪಾತ್ರೆ ಇತ್ತು. ಮುದ್ದೆ ಮಾಡುವವರಿಗೆ ಗೊತ್ತು, ಆ ಪಾತ್ರೆಗೆ ನೀರು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ತಳ ತಾನಾಗೇ ಎದ್ದು ಬರುತ್ತದೆ, ಒಣಗಿದ್ದನ್ನು ಹಾಗೇ ಉಜ್ಜಲು ಹೋದರೆ ತೋಳು ನೋವಾಗುತ್ತದೆ ಅಷ್ಟೆ. ಆದರೆ ಗಂಟೆ ಲೆಕ್ಕದಲ್ಲಿ ಬಂದವಳಿಗೆ ನೆನೆಸಿ ಕಾಯುವಷ್ಟು ಪುರುಸೊತ್ತು ಎಲ್ಲಿ? ಪಾಪ, ನಿಂತು ಉಜ್ಜಿಯೇ ಉಜ್ಜಿದಳು. ಅದೇ ಜೋರಿನಲ್ಲಿ ಪಕ್ಕದಲ್ಲಿದ್ದ ಕಬ್ಬಿಣದ ಕಾವಲಿಯನ್ನೂ ಎತ್ತಿಕೊಂಡು ಸ್ಟೀಲ್ ನಾರಿನಲ್ಲಿ ಬೆಳ್ಳಗೆ ಹೊಳೆಯುವ ಹಾಗೆ ತಿಕ್ಕಿಟ್ಟಳು. ಎಣ್ಣೆ ಕುಡಿದು ಕಪ್ಪಗೆ ಪಳಗಿದ್ದ ಕಾವಲಿ ಅದು. ಮಾರನೇ ದಿನ ಒಂದು ದೋಸೆಯೂ ಏಳಲಿಲ್ಲ, ಮತ್ತೆ ಈರುಳ್ಳಿ ಎಣ್ಣೆ ಉಜ್ಜಿ ಉಜ್ಜಿ ದಾರಿಗೆ ತರುವಷ್ಟರಲ್ಲಿ ಸಾಕಾಯಿತು. ಅವಳ ತಪ್ಪು ಅಂತ ನಾನು ಹೇಳಲ್ಲ. ಕಪ್ಪಗಿರುವ ಪಾತ್ರೆ ಬೆಳ್ಳಗಾದರೆ ಸ್ಟಾರ್ ಜಾಸ್ತಿ ಸಿಗುತ್ತದೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ.

ಮುಂದಿನ ಸಲ ಬುಕ್ ಮಾಡಿದರೆ ಬರುವವರು ಬೇರೆ. ದೇವರ ಮನೆ ಒರೆಸುವ ಬಟ್ಟೆ ಇದು, ಬಚ್ಚಲಿನದ್ದು ಅದು, ಅತ್ತೆ ರೂಮಿನಲ್ಲಿ ನೆಲ ಒದ್ದೆ ಬಿಡಬೇಡಿ ಜಾರುತ್ತಾರೆ, ಈ ಡಬ್ಬಿ ಮುಚ್ಚಳ ಗಟ್ಟಿ ತಿರುಗಿಸಬೇಡಿ, ಹೀಗೆ ಎಲ್ಲ ಮೊದಲಿಂದ ಹೇಳಬೇಕು. ಅವರ ಒಂದು ಗಂಟೆಗೆ ದುಡ್ಡು ಕೊಟ್ಟು ನನ್ನ ಕಾಲು ಗಂಟೆಯನ್ನೂ ಕೊಟ್ಟ ಹಾಗಾಯಿತು. ಆಫೀಸ್ ಮೀಟಿಂಗ್ ಮಧ್ಯೆ ಇದು ದೊಡ್ಡ ತಲೆನೋವು.

ಏಜೆನ್ಸಿ ವಿಷಯ ಬೇಗ ಮುಗಿಸುತ್ತೇನೆ, ನೆನೆಸಿಕೊಂಡರೆ ಇನ್ನೂ ಉರಿಯುತ್ತದೆ. ಅತ್ತೆಗೆ ಮಂಡಿ ಆಪರೇಷನ್ ಆದಾಗ ಹಗಲು ರಾತ್ರಿ ಜೊತೆಗೆ ಇರುವವರು ಬೇಕಿತ್ತು. ತಿಂಗಳಿಗೆ 22,000 ಸಂಬಳ, ಅದರ ಮೇಲೆ ಒಂದು ತಿಂಗಳ ಸಂಬಳದಷ್ಟೇ ಕಮಿಷನ್ ಮುಂಗಡವಾಗಿ ಏಜೆನ್ಸಿಗೆ. ಬಂದಾಕೆ ಒಳ್ಳೆಯವರು, ಅತ್ತೆಗೆ ಹೊಂದಿಕೊಂಡಿದ್ದರು. ಆದರೆ ಊರಿನಿಂದ ಏನೋ ಫೋನ್ ಬಂತು, ಹೊರಟು ಹೋದರು. ಬೇರೆಯವರನ್ನು ಕಳಿಸುತ್ತೇವೆ ಅಂತ ಏಜೆನ್ಸಿಯವರು ಇವತ್ತು ನಾಳೆ ಅಂತ ಕಾಲ ತಳ್ಳಿದರು. ಅಷ್ಟರಲ್ಲಿ ಅತ್ತೆ ವಾಕರ್ ಬಿಟ್ಟು ನಡೆಯಲು ಶುರು ಮಾಡಿದ್ದರು! ಕಮಿಷನ್ ವಾಪಸ್ ಬರಲಿಲ್ಲ. ಬಾಣಂತಿ ಮನೆ, ಆಪರೇಷನ್ ಆದವರ ಮನೆ ಅಂದ್ರೆ ಬೇರೆ ದಾರಿ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಬದಲಿ ಜನ ಎಷ್ಟು ದಿನದೊಳಗೆ, ಬರದಿದ್ದರೆ ಎಷ್ಟು ದುಡ್ಡು ವಾಪಸ್ ಅಂತ ಕಾಗದದಲ್ಲಿ ಬರೆಸಿಕೊಳ್ಳದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಂಬಳ ಏಜೆನ್ಸಿ ಕೈಗೆ ಹೋಗುತ್ತದಾ, ನೇರ ಅವರ ಅಕೌಂಟಿಗೆ ಹೋಗುತ್ತದಾ ಅಂತಲೂ ಕೇಳಿ. ಆ ಪ್ರಶ್ನೆಗೆ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಈಗ ನಮ್ಮ ಅಕ್ಕ. ಪಾತ್ರೆ, ಕಸ ಗುಡಿಸಿ ಒರೆಸುವುದು, ಅಷ್ಟೇ. ತಿಂಗಳಿಗೆ 4,500 ಕೊಡುತ್ತೇವೆ, ದೀಪಾವಳಿಗೆ ಒಂದು ತಿಂಗಳ ಸಂಬಳ ಬೋನಸ್. ವರ್ಷಕ್ಕೆ 58,500 ಆಯಿತು. ಅದೇ ಆ್ಯಪ್‌ನಲ್ಲಿ ದಿನಕ್ಕೊಂದು ಗಂಟೆ, ತಿಂಗಳಿಗೆ 26 ದಿನ ಅಂತ ಹಿಡಿದರೆ 5,200, ವರ್ಷಕ್ಕೆ 62,400. ನೋಡಿ, ಅಂಥ ದೊಡ್ಡ ವ್ಯತ್ಯಾಸ ಏನಿಲ್ಲ. ಆದರೆ ಅಕ್ಕ ಬಂದ ಕೂಡಲೇ ಮೊದಲು ಮುದ್ದೆ ಪಾತ್ರೆಗೆ ನೀರು ಬಿಟ್ಟು ಪೊರಕೆ ಹಿಡಿಯುತ್ತಾರೆ, ಗುಡಿಸಿ ಒರೆಸಿ ಬರುವಷ್ಟರಲ್ಲಿ ಅದು ನೆಂದಿರುತ್ತದೆ. ಕಾವಲಿಯನ್ನು ಬಟ್ಟೆಯಲ್ಲಿ ಒರೆಸಿ ಇಡುತ್ತಾರೆ. ಇದನ್ನೆಲ್ಲ ನಾನು ಕಲಿಸಿದ್ದಲ್ಲ, ಅವರ ಮನೆಯಲ್ಲೂ ದೋಸೆ ಮುದ್ದೆ ಮಾಡುತ್ತಾರಲ್ವಾ. ನನ್ನ ಪ್ರಕಾರ ಆ 4,500 ಹೋಗುತ್ತಿರುವುದು ಇದಕ್ಕೇ. ಮನೆಯಲ್ಲಿ ಯಾವುದು ಎಲ್ಲಿದೆ, ಹೇಗಿದೆ ಅಂತ ನಾನು ಬಾಯಿ ಬಿಡದೆ ಇರಬಹುದು.

ಕಿರಿಕಿರಿ ಇಲ್ಲ ಅಂತಲ್ಲ. ರಜೆ ಹಿಂದಿನ ರಾತ್ರಿ ಫೋನ್‌ನಲ್ಲಿ ಗೊತ್ತಾಗುತ್ತದೆ. ಊರ ಹಬ್ಬ, ಜಾತ್ರೆ, ನಾದಿನಿ ಮಗಳ ಸೀಮಂತ. ಜೂನ್‌ನಲ್ಲಿ ಮಕ್ಕಳ ಫೀಸಿಗೆ ಅಂತ ಮುಂಗಡ ಕೇಳುತ್ತಾರೆ, ತಿಂಗಳಿಗೆ ಇಷ್ಟು ಅಂತ ಹಿಡಿದುಕೊಳ್ಳುತ್ತೇವೆ, ಇದುವರೆಗೆ ಒಂದು ರೂಪಾಯಿ ಮುಳುಗಿಲ್ಲ. ಮೊದಲು ಅವರು ಮನೆ ಹತ್ತಿರ ಮಾತ್ರ ಕೆಲಸ ಹಿಡಿಯುತ್ತಿದ್ದರಂತೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಿಎಂಟಿಸಿಯಲ್ಲಿ ಟಿಕೆಟ್ ದುಡ್ಡು ಉಳಿದ ಮೇಲೆ, ಜಾಸ್ತಿ ಕೊಡುವ ಕಡೆ ಬರುತ್ತಿದ್ದಾರೆ. ಬಸ್ ತಡವಾದರೆ ನಮ್ಮ ಮನೆಯೂ ತಡ, ಏನು ಮಾಡುವುದು.

ಇನ್ನು 'ನಾವೇ ಮಾಡಿಕೊಂಡರೆ ಆಯಿತಪ್ಪ' ಅನ್ನುವ ವಾದ. ಇದನ್ನು ಹೇಳುವವರು ಸಾಮಾನ್ಯವಾಗಿ ಮಾಡುವವರಾಗಿರುವುದಿಲ್ಲ. ಕೇಂದ್ರ ಸರ್ಕಾರದ 2024ರ ಟೈಮ್ ಯೂಸ್ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಅದೇ ಕೆಲಸಕ್ಕೆ ಕೈ ಹಾಕುವ ಗಂಡಸರು 88 ನಿಮಿಷ. ಅದಕ್ಕೇ ನಮ್ಮ ಮನೆಯಲ್ಲಿ ನಾನು ಒಂದು ನಿಯಮ ಮಾಡಿದೆ: ಅಕ್ಕನನ್ನು ಬಿಡಿಸಿ ದುಡ್ಡು ಉಳಿಸೋಣ ಅನ್ನುವವರು ಮೊದಲು ಒಂದು ವಾರ ಮುಸುರೆ ತಿಕ್ಕಬೇಕು. ಯಜಮಾನರು ಬುಧವಾರಕ್ಕೇ ಡಿಶ್‌ವಾಶರ್ ರೇಟು ನೋಡಲು ಶುರು ಮಾಡಿದರು. (ಡಿಶ್‌ವಾಶರ್ ತಗೊಳ್ಳಲಿಲ್ಲ. ಕಾವಲಿ ಅದಕ್ಕೆ ಹಾಕುವಂತಿಲ್ಲ, ಮಾತ್ರೆ ಉಪ್ಪು ಅಂತ ಖರ್ಚು ಬೇರೆ, ಬಾಡಿಗೆ ಮನೆಯಲ್ಲಿ ನಲ್ಲಿ ಪಾಯಿಂಟ್‌ಗೆ ಓನರ್ ಒಪ್ಪಬೇಕು.)

ಎಲ್ಲರಿಗೂ ಇದು ಬೇಕು ಅಂತ ನಾನು ಹೇಳಲ್ಲ. ಒಬ್ಬರೇ ಇದ್ದು ದಿನಕ್ಕೆ ನಾಲ್ಕು ತಟ್ಟೆ ಆಗುವವರಿಗೆ ತಿಂಗಳ ಸಂಬಳದ ಲೆಕ್ಕ ಗಿಟ್ಟುವುದಿಲ್ಲ, ವಾರಕ್ಕೊಮ್ಮೆ ಆ್ಯಪ್ ಸಾಕು. ಕೆಲಸದವರು ಒರೆಸಿದ ಮೇಲೆ ನೀವು ಇನ್ನೊಮ್ಮೆ ಒರೆಸುವ ಜಾತಿಯವರಾದರೆ, ದಯವಿಟ್ಟು ಇಬ್ಬರ ಪ್ರಾಣವನ್ನೂ ತಿನ್ನಬೇಡಿ, ನೀವೇ ಮಾಡಿಕೊಳ್ಳಿ.

ಕಮ್ಮಿಗೆ ಯಾರಾದರೂ ಸಿಗುತ್ತಾರಾ ಅಂತ ಕೇಳುವವರಿಗೆ ಒಂದು ಮಾತು. ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ಕೂಲಿ ಗೊತ್ತು ಮಾಡಿದೆ. ಆದರೂ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ 'ಈ ರೇಟಿಗಿಂತ ಯಾರೂ ಜಾಸ್ತಿ ಕೊಡಬೇಡಿ, ಎಲ್ಲರಿಗೂ ಅಭ್ಯಾಸ ಕೆಡುತ್ತದೆ' ಅಂತ ಮೆಸೇಜ್ ಬರುತ್ತದೆ, ಅದೇ ಜನ ವೀಕೆಂಡ್ ಪಿಜ್ಜಾಗೆ ಸಾವಿರ ಕೊಡುತ್ತಾರೆ. ಅದನ್ನು ಓದಿ ಸುಮ್ನಿದ್ದು ಏಪ್ರಿಲ್‌ನಲ್ಲಿ ಅಕ್ಕನಿಗೆ 500 ಏರಿಸುತ್ತೇವೆ. ಒಳ್ಳೆತನ ಏನಲ್ಲ, ಅವರು ಬಿಟ್ಟರೆ ನಾನು ಮತ್ತೆ ಆ ಓಟಿಪಿ ಹೇಳಿಕೊಂಡು ಕೂರಬೇಕು.

ಆ್ಯಪ್ ಮಾತ್ರ ಫೋನಿನಿಂದ ತೆಗೆದಿಲ್ಲ. ಯುಗಾದಿ ಮಾರನೇ ದಿನ ಹೊಸತೊಡಕು, ಅಕ್ಕನ ಊರಿನಲ್ಲಿ ಮಟನ್ ಊಟ, ಅವತ್ತು ಅವರು ಬರುವುದಿಲ್ಲ. ನಮ್ಮ ಸಿಂಕ್ ತುಂಬಿರುತ್ತದೆ. ಆಗ ಬುಕ್ ಮಾಡುತ್ತೇನೆ, ಕಾವಲಿ ಎತ್ತಿ ಅಟ್ಟದ ಮೇಲಿಟ್ಟು.