ಒಂದೇ ಹೊಳ್ಳೆಯಿಂದ ನೀರು ಸೋರುತ್ತಿದ್ದರೆ ಅಲರ್ಜಿ ಅಂತ ಸುಮ್ಮನಾಗಬೇಡಿ

ನಾಲ್ಕು ತಿಂಗಳು! ನಮ್ಮ ಯಜಮಾನರ ಮೂಗಿಂದ ಸೋರುತ್ತಿದ್ದದ್ದು ಮೆದುಳಿನ ಸುತ್ತ ಇರುವ ನೀರು. ನಾವು ನಾಲ್ಕು ತಿಂಗಳು ಅದಕ್ಕೆ ಅಲರ್ಜಿ ಔಷಧಿ ಮಾಡಿಸಿದೆವು. ಬರೆಯೋಕೆ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅವರಿಗೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ, ಪ್ರೊಲ್ಯಾಕ್ಟಿನೋಮಾ ಅಂತಾರೆ. ಗೆಡ್ಡೆ ಕುಗ್ಗಿಸೋಕೆ ವಾರಕ್ಕೆ ಎರಡು ಸಲ ಕ್ಯಾಬರ್ಗೋಲಿನ್ ಮಾತ್ರೆ. ಗೆಡ್ಡೆ ಕುಗ್ಗುತ್ತಿದೆ ಅಂದಿದ್ದರು, ಖುಷಿಯಲ್ಲಿದ್ದೆವು. ಆರನೇ ವಾರ ಎಡ ಹೊಳ್ಳೆಯಿಂದ ನೀರು. ಬರೀ ಎಡ. ಚಪ್ಪಲಿ ಹಾಕಲು ಬಗ್ಗಿದರೆ ತೊಟತೊಟ ಅಂತ ಬೀಳೋದು. ಗಂಟಲಲ್ಲಿ ಉಪ್ಪುಪ್ಪು.

ಮೂಗಿನ ಡಾಕ್ಟರ ಮುಂದೆ ಮಾತ್ರೆ ಚೀಟಿ ಇಟ್ಟೇ ಹೇಳಿದೆ. "ಧೂಳಿನ ಅಲರ್ಜಿ ಕಣಮ್ಮ." ಸ್ಪ್ರೇ ಆಯಿತು, ಟೆಸ್ಟ್ ಆಯಿತು, ಆಮೇಲೆ ಇಂಜೆಕ್ಷನ್ ಕೋರ್ಸು, ದುಡ್ಡು ಮುಂಗಡ. ಕಡಿಮೆ ಆಗಲಿಲ್ಲ ಅಂದರೆ, "ಮೂಗಿಂದ ಜೋರಾಗಿ ಊದಲಿ, ಕಟ್ಟಿರೋದೆಲ್ಲ ಬರಲಿ." ದಿನಾ ಊದಿ ಊದಿ ಅಂದವಳು ನಾನೇ.

ಒಂದು ರಾತ್ರಿ ಜ್ವರ, ವಾಂತಿ, ಕುತ್ತಿಗೆ ಸೆಟೆದುಕೊಂಡಿತು. ದೊಡ್ಡಾಸ್ಪತ್ರೆಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಫೈಲ್ ನೋಡಿ ಮೊದಲು ಕೇಳಿದ್ದು, "ಈ ಮಾತ್ರೆ ಶುರುವಾದ ಮೇಲೆ ಮೂಗಲ್ಲಿ ನೀರು ಬಂತಾ?" ಆಮೇಲೆ ಕರ್ಚೀಫ್ ಕೇಳಿದರು. ಮುಟ್ಟಿ ನೋಡಿ, "ಸಿಂಬಳ ಒಣಗಿದರೆ ಬಟ್ಟೆ ಗಟ್ಟಿಯಾಗತ್ತೆ. ಇದು ಮೆತ್ತಗೇ ಇದೆ ನೋಡಿ." ನಾಲ್ಕು ತಿಂಗಳು ಆ ಕರ್ಚೀಫುಗಳನ್ನ ಒಗೆದವಳು ನಾನು. ಒಂದು ದಿನವೂ ಗಟ್ಟಿಯಾಗಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತೆ.

ಗೆಡ್ಡೆ ತಲೆಬುರುಡೆಯ ತಳದ ಮೂಳೆ ಸವೆಸಿ, ಆ ತೂತನ್ನ ತಾನೇ ಬಿರಡೆ ಥರ ಮುಚ್ಚಿಕೊಂಡಿತ್ತಂತೆ. ಮಾತ್ರೆಗೆ ಗೆಡ್ಡೆ ಕುಗ್ಗಿತು, ಬಿರಡೆ ಸಡಿಲವಾಯಿತು. ಸೋರುತ್ತಿರೋದು ಮೆದುಳಿನ ನೀರೇನಾ ಅಂತ ತಿಳಿಸುವ ಬೀಟಾ-2 ಟ್ರಾನ್ಸ್‌ಫೆರಿನ್ ಟೆಸ್ಟಲ್ಲಿ ಖಚಿತವಾಯಿತು. ಸೋಂಕು ಮೆದುಳಿನ ಪೊರೆಗೆ ಹತ್ತಿತ್ತು. ಅದು ಇಳಿದ ಮೇಲೆ ಮೂಗಿನ ಮೂಲಕವೇ ಆಪರೇಷನ್, ತೊಡೆಯ ಪೊರೆ, ಹೊಟ್ಟೆಯ ಕೊಬ್ಬು ಇಟ್ಟು ತೂತು ಮುಚ್ಚಿದರು.

ಆ ಮೂಗಿನ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. "ಗೆಡ್ಡೆ ವಿಷಯ ನೀವು ಹೇಳಲೇ ಇಲ್ಲ." ಅವರದೇ ಚೀಟಿಯ ಫೋಟೋ ಕಳಿಸಿದೆ, ಕ್ಯಾಬರ್ಗೋಲಿನ್ ಮುಂದುವರಿಸಿ ಅಂತ ಅವರದೇ ಕೈಬರಹ! ಆಗ, "ಇದು ಬಹಳ ಅಪರೂಪ, ಯಾರಿಗೂ ಗೊತ್ತಾಗಲ್ಲ ಕಣಮ್ಮ." ಗೊತ್ತಾಗಲ್ಲವಾ? ಆ ಹುಡುಗಿಗೆ ಕರ್ಚೀಫ್ ಮುಟ್ಟಿದರೆ ಗೊತ್ತಾಯಿತು! ಉಳಿದ ಇಂಜೆಕ್ಷನ್ ದುಡ್ಡಿಗೆ ರಿಸೆಪ್ಷನ್ ಹುಡುಗನ ಉತ್ತರ: "ವಾಪಸ್ ಬರಲ್ಲ ಮೇಡಂ, ಮನೆಯವರು ಬೇರೆ ಯಾರಾದರೂ ಬಂದರೆ ಹೊಂದಿಸ್ತೀವಿ."

ಒಂದೇ ಹೊಳ್ಳೆ, ತಿಳಿ ನೀರು, ಬಗ್ಗಿದರೆ ಜಾಸ್ತಿ. ಇಂಥ ಗೆಡ್ಡೆಗೆ ಮಾತ್ರೆ ತಗೊಳ್ಳುವವರಿಗೆ ಹೀಗಾದರೆ ಆ ಮಾತ್ರೆ ಕೊಟ್ಟ ಡಾಕ್ಟರಿಗೆ ಅವತ್ತೇ ತಿಳಿಸಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಮೂಗಿಂದ ಊದಬೇಡಿ, ಯಾರು ಹೇಳಿದರೂ ಊದಬೇಡಿ. ನೀರನ್ನ ಚೊಕ್ಕ ಡಬ್ಬಿಯಲ್ಲಿ ಹಿಡಿದು ಟೆಸ್ಟ್ ಮಾಡಿಸಿ ಅಂತ ಪಟ್ಟು ಹಿಡಿಯಿರಿ. ಜ್ವರ ಬಂದು ಕುತ್ತಿಗೆ ಸೆಟೆದರೆ ಬೆಳಗಾಗಲಿ ಅಂತ ಕೂರಬೇಡಿ. ನಾವು ಮೂರು ಗಂಟೆ ಕೂತಿದ್ದೆವು.