ಚೇತರಿಕೆಯ ದಿನಗಳಲ್ಲಿ ಸ್ಪಿರುಲಿನಾ ಪುಡಿ: ಆರು ವಾರ ಬಳಸಿದ ಅನುಭವ

ನ್ಯುಮೋನಿಯಾದಿಂದ ಎದ್ದ ಮೇಲೆ ನಾಲ್ಕು ಮೆಟ್ಟಿಲು ಹತ್ತಲೂ ತ್ರಾಣವಿಲ್ಲದಿದ್ದ ದಿನಗಳಲ್ಲಿ, ವೈದ್ಯರನ್ನು ಕೇಳಿಕೊಂಡು ಆರು ವಾರ ಸ್ಪಿರುಲಿನಾ ಪುಡಿಯನ್ನು ಸೇವಿಸಿದೆ. ಡಬ್ಬಿಯ ಮೇಲೆ ದಪ್ಪಕ್ಷರಗಳಲ್ಲಿ ‘ಶೇ. 60 ಪ್ರೋಟೀನ್’ ಎಂದಿದೆ. ಸುಳ್ಳೇನಲ್ಲ; ಒಣಗಿಸಿದ ಈ ನೀಲಿಹಸಿರು ಪಾಚಿಯ ತೂಕದಲ್ಲಿ ಶೇ. 55ರಿಂದ 70ರಷ್ಟು ಪ್ರೋಟೀನೇ ಇರುತ್ತದೆ. ಆದರೆ ದೊಡ್ಡ ಚಮಚವೊಂದರಲ್ಲಿ ಹಿಡಿಯುವ ಪುಡಿ ಸುಮಾರು 7 ಗ್ರಾಂ, ಅದರಿಂದ ಸಿಗುವ ಪ್ರೋಟೀನ್ 4 ಗ್ರಾಂ, ಎಂದರೆ ಒಂದು ಮೊಟ್ಟೆಯಲ್ಲಿರುವುದಕ್ಕಿಂತಲೂ ಕಡಿಮೆ. 60 ಕಿಲೋ ತೂಗುವ ನನಗೆ ವೈದ್ಯರು ಹೇಳಿದ್ದು ದಿನಕ್ಕೆ 72 ಗ್ರಾಂ. ಅಷ್ಟನ್ನೂ ಈ ಡಬ್ಬಿಯಿಂದಲೇ ಪಡೆಯಲು ಹೊರಟಿದ್ದರೆ 18 ಚಮಚ ಬೇಕಾಗುತ್ತಿತ್ತು. ಬಾಯಿರುಚಿಯೇ ಇಲ್ಲದವನಿಗೆ ಒಂದು ಚಮಚವೇ ಸಾಹಸ.

ನೀರಿಗೆ ಹಾಕಿದರೆ ಪುಡಿ ಗಂಟುಗಟ್ಟಿ ತೇಲುತ್ತದೆ, ನಿಂತ ನೀರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ತಣ್ಣನೆಯ ಹಾಲು ಮತ್ತು ಬಾಳೆಹಣ್ಣಿನೊಡನೆ ರುಬ್ಬಿದಾಗ ಮಾತ್ರ ಸಹ್ಯವಾಯಿತು. ಒಮ್ಮೆ ಕುದಿಯುವ ಸೂಪಿಗೆ ಬೆರೆಸಿ ನೋಡಿದೆ: ಫೈಕೋಸಯಾನಿನ್ ಎಂಬ ನೀಲಿ ವರ್ಣದ್ರವ್ಯವು ಬಿಸಿಯನ್ನು ತಾಳದ ಕಾರಣ ಬಣ್ಣ ಕಂದಿ ಕೊಳೆತ ಎಲೆಯಂತಾಯಿತು, ವಾಸನೆಯಂತೂ ಇನ್ನಷ್ಟು ಎದ್ದಿತು. ಮೊದಲ ವಾರ ಹೊಟ್ಟೆಯುಬ್ಬರವೂ ಇತ್ತು. ಅರ್ಧ ಚಮಚಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ನನ್ನ ಮುಖ್ಯ ಆಕ್ಷೇಪ, ಇದರಿಂದ ವಿಟಮಿನ್ ಬಿ12 ಸಿಗುತ್ತದೆ ಎಂಬ ಲೇಬಲ್ಲಿನ ಹೇಳಿಕೆಯ ಬಗ್ಗೆ. ಸ್ಪಿರುಲಿನಾದಲ್ಲಿರುವ ಬಿ12 ಬಹುಪಾಲು ನಮ್ಮ ದೇಹಕ್ಕೆ ಒದಗದ ರೂಪದಲ್ಲಿರುವುದರಿಂದ, ಸಸ್ಯಾಹಾರಿಗಳು ಲೇಬಲ್ಲನ್ನು ನಂಬಿ ಮಾತ್ರೆ ಬಿಡುವುದು ಅಪಾಯ. ಪಾಚಿಯನ್ನು ಬೆಳೆಸುವ ನೀರು ಶುದ್ಧವಾಗಿಲ್ಲದಿದ್ದರೆ ಸೀಸದಂಥ ಭಾರಲೋಹಗಳೂ, ಬೇರೆ ಪಾಚಿಗಳು ಬೆರೆತಾಗ ಯಕೃತ್ತಿಗೆ ಮಾರಕವಾದ ಮೈಕ್ರೋಸಿಸ್ಟಿನ್ ವಿಷವೂ ಸೇರಬಹುದು. ಹೀಗಿದ್ದರೂ ನಾನು ಕೊಂಡ ಡಬ್ಬಿಯಲ್ಲಿ ಪರೀಕ್ಷಾ ವರದಿಯ ಸುಳಿವೇ ಇರಲಿಲ್ಲ. ಕೇಳಿ ಬರೆದ ಪತ್ರಕ್ಕೆ ಉತ್ತರವೂ ಬರಲಿಲ್ಲ. ಮೂತ್ರಪಿಂಡದ ತೊಂದರೆ, ಸ್ವಯಂನಿರೋಧಕ ಕಾಯಿಲೆ (ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವುದು) ಅಥವಾ ಪ್ರೋಟೀನಿನ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾರದ ಹುಟ್ಟುಕಾಯಿಲೆಯಾದ ಫೀನೈಲ್‌ಕೀಟೋನೂರಿಯಾ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಇದರ ಬದಲು ಕ್ಲೋರೆಲ್ಲಾ ಎಂಬ ಇನ್ನೊಂದು ಹಸಿರು ಪಾಚಿಯನ್ನು ಕೊಳ್ಳುವವರು, ಅರಗದ ಗಟ್ಟಿ ಕೋಶಭಿತ್ತಿಯನ್ನು (ಕೋಶದ ಹೊರಗೋಡೆ) ಒಡೆದ ಪುಡಿಯನ್ನೇ ಆರಿಸಬೇಕು. ಕ್ಲೋರೆಲ್ಲಾದಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಇರುವುದರಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧ ಸೇವಿಸುವವರಿಗೆ ಹೊಂದದು.

ಆರನೆಯ ವಾರಕ್ಕೆ ಮೆಟ್ಟಿಲು ಹತ್ತತೊಡಗಿದೆನಾದರೂ ಅದರ ಹಿರಿಮೆಯನ್ನು ದಿನವೂ ತಿಂದ ಮೊಟ್ಟೆ, ಹಾಲು, ಬೇಳೆಗಳಿಗೇ ಕೊಡುತ್ತೇನೆ. ಊಟ ಸೇರದ ದಿನ ಲೋಟಕ್ಕೆ ಒಂದಿಷ್ಟು ಪ್ರೋಟೀನನ್ನೂ ಕಬ್ಬಿಣಾಂಶವನ್ನೂ ಸೇರಿಸಲು ಈ ಪುಡಿ ನೆರವಾಯಿತು, ಅಷ್ಟೆ. ಕೊಳ್ಳುವುದಾದರೆ ಚಿಕ್ಕ ಡಬ್ಬಿಯನ್ನೇ ಕೊಳ್ಳಿ. ಮುಚ್ಚಳ ಸಡಿಲವಿದ್ದ ನನ್ನ ದೊಡ್ಡ ಡಬ್ಬಿಯಲ್ಲಿ ಉಳಿದದ್ದು ತೇವ ಹಿಡಿದು ಕಲ್ಲಾಗಿದೆ.