ಪುಟ್ಟ ಮಿಲ್ಲಿನಲ್ಲಿ ಟಿ-ಸ್ಲಾಟ್: ಅಳತೆಯ ಕಟರೋ, ಅದಕ್ಕಿಂತ ಸಣ್ಣದೋ?

ನನ್ನ ಶೆಡ್ಡಿನಲ್ಲಿರುವುದು 500 ವ್ಯಾಟಿನ ಬೆಂಚ್ ಮಿಲ್, ತಿರುಗುವ ಕಟರಿನಿಂದ ಲೋಹ ಕತ್ತರಿಸುವ ಪುಟ್ಟ ಮೆಷಿನ್. ಫಿಕ್ಸ್ಚರ್ ಪ್ಲೇಟಿಗಾಗಿ (ಕೆಲಸದ ತುಂಡನ್ನು ಬಿಗಿದಿಡುವ ತಟ್ಟೆ) 20 ಮಿ.ಮೀ. ದಪ್ಪದ 6061 ದರ್ಜೆಯ ಅಲ್ಯೂಮಿನಿಯಂನಲ್ಲಿ 8 ಮಿ.ಮೀ. ಬಾಯಿಯ ಟಿ-ಸ್ಲಾಟ್ ಬೇಕಿತ್ತು, ಅಂದರೆ ಬಾಯಿ ಕಿರಿದಾಗಿ ಒಳಗೆ ಅಗಲವಾಗಿರುವ, ತಲೆಕೆಳಗಾದ T ಆಕಾರದ ತೋಡು. ಎರಡೂ ವಿಧಾನಕ್ಕೆ ಮೊದಲ ಕೆಲಸ ಒಂದೇ: ಎಂಡ್ ಮಿಲ್ಲಿನಿಂದ (ನೇರ ಕಟರ್) ನೇರ ಸ್ಲಾಟನ್ನು ಪೂರ್ತಿ ಆಳಕ್ಕಿಂತ 0.2 ಮಿ.ಮೀ. ಹೆಚ್ಚೇ ತೆಗೆದಿಡುವುದು.

ಮೊದಲು ಹಾಕಿದ್ದು ಈ ಸ್ಲಾಟಿಗೆಂದೇ ಬರುವ 16×8 (16 ಮಿ.ಮೀ. ವ್ಯಾಸ, 8 ಮಿ.ಮೀ. ಎತ್ತರ) ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟಿ ಕಟರ್. 1000 ಆರ್‌ಪಿಎಂನಲ್ಲಿ ಮಿನಿಟಿಗೆ ಸುಮಾರು 50 ಮೀಟರ್ ವೇಗ. ಅಲ್ಯೂಮಿನಿಯಂಗೆ ಅದೇನೂ ಜಾಸ್ತಿಯಲ್ಲ. ಆದರೆ ಕಟರ್ ಎರಡೂ ಬದಿಯಲ್ಲಿ ತಲಾ 4 ಮಿ.ಮೀ. ಒಟ್ಟಿಗೇ ಕಚ್ಚುತ್ತದೆ. ಒಂದು ಬದಿಯ ಹಲ್ಲು ಟೇಬಲನ್ನು ಹಿಂದಕ್ಕೆ ತಳ್ಳಿದರೆ, ಇನ್ನೊಂದು ಬದಿಯದು ಮುಂದಕ್ಕೆ ಎಳೆಯುತ್ತದೆ. ಟೇಬಲ್ ಸರಿಸುವ ಸ್ಕ್ರೂನಲ್ಲಿ ಬ್ಯಾಕ್‌ಲ್ಯಾಶ್ (ಸಡಿಲ) ಇರುವ ಮೆಷಿನ್ನಿಗೆ ಈ ಎಳೆದಾಟ ತಡೆಯದು. ಗೋಡೆಯ ತುಂಬ ಅಲೆಅಲೆ ಗುರುತು. ಚಿಪ್ಸ್‌ಗೆ (ಕತ್ತರಿಸಿದ ಲೋಹದ ಚೂರು) ಹೊರಬರಲು ಜಾಗವಿಲ್ಲ, ಒಳಗೇ ಸುತ್ತಿ ಹಲ್ಲಿಗೆ ಮೆತ್ತಿಕೊಂಡವು. ಅರ್ಧ ದಾರಿಯಲ್ಲಿ ಕರೆಂಟ್ ಬೇರೆ ಹೋಯಿತು. ಟಿ ಕಟರನ್ನು ಮೇಲೆತ್ತುವ ಹಾಗಿಲ್ಲವಲ್ಲ! ಕಟರ್ ಹಿಡಿದಿಡುವ ಕಾಲೆಟ್ ಸಡಿಲಿಸಿ, ಕಟರನ್ನು ಸ್ಲಾಟಿನುದ್ದಕ್ಕೂ ಕೈಯಲ್ಲೇ ಜಾರಿಸಿ ಹೊರತೆಗೆದೆ.

ಎರಡನೆಯ ಸ್ಲಾಟಿಗೆ, 6 ಮಿ.ಮೀ. ಬಾಯಿಗೆಂದು ಮಾಡಿದ 12.5×6 ಕಟರ್. ಇದನ್ನು ನಡುಗೆರೆಯಿಂದ 1.25 ಮಿ.ಮೀ. ಸರಿಸಿ ಓಡಿಸಿದರೆ ಒಂದು ಬದಿ 3.5 ಮಿ.ಮೀ. ಕತ್ತರಿಸುತ್ತದೆ, ಇನ್ನೊಂದು ಬದಿ ಬರೀ 1. ವಾಪಸ್ ಬರುವಾಗ ಅತ್ತ ಕಡೆಗೆ ಅಷ್ಟೇ ಸರಿಸಿದರೆ ಒಳಗೆ 15 ಮಿ.ಮೀ. ಅಗಲ ಸಿಗುತ್ತದೆ. ಹೋಗುವಾಗಲೂ ಬರುವಾಗಲೂ ಹೆಚ್ಚು ಕತ್ತರಿಸುವ ಬದಿ ಕಟರ್ ಸಾಗುವ ದಿಕ್ಕಿನ ಎಡಕ್ಕಿರಬೇಕು. ಆಗ ಹಲ್ಲು ಫೀಡಿಗೆ ಎದುರಾಗಿಯೇ ಕೆಲಸ ಮಾಡುತ್ತದೆ, ಟೇಬಲ್ ಜಿಗಿಯುವುದಿಲ್ಲ. ಈ ಕಟರಿನ ಎತ್ತರ 6 ಮಿ.ಮೀ. ಮಾತ್ರ, ಹಾಗಾಗಿ ಒಳಗೆ 7 ಮಿ.ಮೀ. ಎತ್ತರಕ್ಕೆ ಇದನ್ನೇ ಎರಡು ಮಟ್ಟದಲ್ಲಿ ಮಾಡಬೇಕು, ಒಟ್ಟು ನಾಲ್ಕು ಪಾಸ್. ಒಂದು ಎಚ್ಚರ: ನನ್ನ ಕಟರಿನ ಕುತ್ತಿಗೆ 5 ಮಿ.ಮೀ. ದಪ್ಪ, ಸರಿಸಿದ ಮೇಲೆ ಅದಕ್ಕೂ ಸ್ಲಾಟಿನ ಗೋಡೆಗೂ ಕಾಲು ಮಿ.ಮೀ. ಎಡೆಯಷ್ಟೇ ಉಳಿಯುತ್ತದೆ. ಕೊಳ್ಳುವಾಗಲೇ ಕ್ಯಾಲಿಪರ್ ಹಿಡಿದು ನೋಡಿ.

ಸೀಮೆಎಣ್ಣೆ ಎರಡಕ್ಕೂ ಹಚ್ಚಿದ್ದೆ. ಕೆಲಸ ಹಸನಾಗಿಸಿದ್ದು ಗಾಳಿ: ಎರಡನೆಯ ಸಲ ಕಂಪ್ರೆಸರ್ ನಳಿಗೆಯನ್ನು ಕಟರಿನ ಹಿಂದೆಯೇ ಹಿಡಿದೆ, ಚಿಪ್ಸ್ ಒಂದೂ ಒಳಗೆ ನಿಲ್ಲಲಿಲ್ಲ.

ಪಟ್ಟಿಗಳನ್ನು ಬೋಲ್ಟ್ ಮಾಡಿ ಸ್ಲಾಟ್ ಕಟ್ಟುವ ದಾರಿಯೂ ಇದೆ, ಹಗುರ ಕೆಲಸಕ್ಕೆ ಸಾಕು. ಕ್ಲ್ಯಾಂಪ್ ಬಿಗಿದಾಗ ಎಳೆತವೆಲ್ಲ ಅಲ್ಯೂಮಿನಿಯಂ ಥ್ರೆಡ್ಡಿನ ಮೇಲೆ ಬೀಳುವುದರಿಂದ ನನಗೆ ಧೈರ್ಯ ಬರಲಿಲ್ಲ. ಉಳಿದ ಮೂರು ಸ್ಲಾಟನ್ನೂ ಸಣ್ಣ ಕಟರಿನಲ್ಲೇ ತೆಗೆದೆ. ಒಂದೊಂದಕ್ಕೆ ಇಮ್ಮಡಿ ಹೊತ್ತು ಹಿಡಿಯಿತು, ಗೋಡೆ ಮಾತ್ರ ಬೆರಳಾಡಿಸಿದರೆ ನುಣ್ಣಗಿದೆ.